ಹನ್ನೊಂದು ದಾಟಿದ ಮೇಲೆ ಇಂಗ್ಲೆಂಡಿನ ಗ್ರಾಮರ್ ಶಾಲೆ: ತಡವಾದ ಪ್ರವೇಶ ಪರೀಕ್ಷೆಗೆ ಸಿದ್ಧರಾಗುವ ಬಗೆ

ಇಂಗ್ಲೆಂಡಿನಲ್ಲಿ ಶುಲ್ಕವಿಲ್ಲದೆ, ಪ್ರವೇಶ ಪರೀಕ್ಷೆಯ ಆಧಾರದ ಮೇಲೆ ಮಕ್ಕಳನ್ನು ಸೇರಿಸಿಕೊಳ್ಳುವ 163 ಸರ್ಕಾರಿ ಗ್ರಾಮರ್ ಶಾಲೆಗಳಿವೆ. ಅಲ್ಲಿನ ಮಕ್ಕಳು ಸಾಮಾನ್ಯವಾಗಿ ಇಯರ್ 6 ಎಂಬ ತರಗತಿಯ ಆರಂಭದಲ್ಲಿ, ಹತ್ತು ತುಂಬಿದ ವಯಸ್ಸಿನಲ್ಲಿ, 11 ಪ್ಲಸ್ ಎಂಬ ಪ್ರವೇಶ ಪರೀಕ್ಷೆ ಬರೆದು ಮರುವರ್ಷದ ಸೆಪ್ಟೆಂಬರಿನಲ್ಲಿ ಇಯರ್ 7ಕ್ಕೆ ಸೇರುತ್ತಾರೆ. ಉದ್ಯೋಗದ ವೀಸಾ ದೊರೆತು, ಹನ್ನೆರಡು ಹದಿಮೂರರ ಮಗುವಿನೊಂದಿಗೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರಡುವ ಕುಟುಂಬಕ್ಕೆ ಆ ಅವಕಾಶ ಮುಗಿದಿರುತ್ತದೆ. ಉಳಿಯುವುದು ಲೇಟ್ ಟ್ರಾನ್ಸ್‌ಫರ್ ಅಥವಾ 12 ಪ್ಲಸ್, 13 ಪ್ಲಸ್ ಎಂದು ಕರೆಯಲಾಗುವ ಪರೀಕ್ಷೆಗಳು. ನಮ್ಮವರು ಬಹುತೇಕ ಮೊದಲು ಅಭ್ಯಾಸ ಪುಸ್ತಕ ಕೊಂಡು ಆಮೇಲೆ ಶಾಲೆ ಹುಡುಕುತ್ತಾರೆ. ಇಲ್ಲಿ ಅದು ತಲೆಕೆಳಗಾಗಬೇಕು: ಸೀಟು ಎಲ್ಲಿ ಖಾಲಿ ಇದೆ ಎಂಬುದು ಮೊದಲು, ಪರೀಕ್ಷೆ ನಂತರ.

ಎಲ್ಲಕ್ಕಿಂತ ಮುಂಚೆ ಮಗು ಯಾವ ಇಯರ್‌ಗೆ ಸೇರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಅಲ್ಲಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರೊಳಗೆ ಹುಟ್ಟಿದವರೆಲ್ಲ ಒಂದೇ ತರಗತಿ. 2013ರ ಅಕ್ಟೋಬರಿನಲ್ಲಿ ಹುಟ್ಟಿದ ಮಗು ಇಲ್ಲಿ ಆರನೆಯ ತರಗತಿಯಲ್ಲಿರಲಿ, ಏಳನೆಯದರಲ್ಲಿರಲಿ, 2026ರ ಸೆಪ್ಟೆಂಬರಿನಲ್ಲಿ ಅಲ್ಲಿ ಇಯರ್ 8ರ ಮಗು.

ಎರಡನೆಯದಾಗಿ ಊರು ಮತ್ತು ಶಾಲೆಗಳ ಪಟ್ಟಿ. ಗ್ರಾಮರ್ ಶಾಲೆಗಳು ದೇಶದ ಎಲ್ಲೆಡೆ ಇಲ್ಲ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ಗಳಂತಹ ಕೌಂಟಿಗಳಲ್ಲಿ ಹತ್ತಾರು ಇವೆ, ಭಾರತೀಯರು ಹೆಚ್ಚಾಗಿ ನೆಲೆಸಿರುವ ಸ್ಲೌನಲ್ಲಿ ನಾಲ್ಕಿವೆ, ರೆಡಿಂಗ್‌ನಲ್ಲಿ ಎರಡಿವೆ, ಇಡೀ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಒಂದೂ ಇಲ್ಲ. ಹೆಸರನ್ನು ನೋಡಿ ಮೋಸಹೋಗಬಾರದು; ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲ್, ಬ್ರಿಸ್ಟಲ್ ಗ್ರಾಮರ್ ಸ್ಕೂಲ್ ಇವೆರಡೂ ಶುಲ್ಕ ಪಡೆಯುವ ಖಾಸಗಿ ಶಾಲೆಗಳು. ಸರ್ಕಾರಿ ಶಾಲೆಗಳು ಪ್ರವೇಶ ಪರೀಕ್ಷೆಗೆ ಹಣ ಕೇಳುವಂತಿಲ್ಲ ಎಂಬುದು ಒಂದು ಗುರುತು.

ಈಗ ಮುಖ್ಯ ಕೆಲಸ. ಪಟ್ಟಿಯಲ್ಲಿರುವ ಪ್ರತಿ ಶಾಲೆಯ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಮೂರು ಸಂಗತಿಗಳನ್ನು ಕೇಳಿ: ಈ ಇಯರ್‌ನಲ್ಲಿ ಸೀಟು ಖಾಲಿ ಇದೆಯೇ, ಪರೀಕ್ಷೆ ಯಾವಾಗ, ಪರೀಕ್ಷೆಗೆ ಕೂರಲು ಅಲ್ಲಿನ ವಿಳಾಸ ಮೊದಲೇ ಇರಬೇಕೇ. ಉತ್ತರಗಳು ಶಾಲೆಯಿಂದ ಶಾಲೆಗೆ ಬೇರೆಯಾಗುತ್ತವೆ, ಏಕೆಂದರೆ ಎಲ್ಲೆಡೆ ಒಂದೇ ಕ್ರಮವಿಲ್ಲ. ಕೆಲವೆಡೆ ಹಲವು ಶಾಲೆಗಳು ಕೂಡಿ ಪರೀಕ್ಷೆ ನಡೆಸಿದರೆ, ಕೆಲವೆಡೆ ಪ್ರತಿ ಶಾಲೆಯೂ ತನ್ನದೇ ಪತ್ರಿಕೆ ಕೊಡುತ್ತದೆ. ಸೀಟು ಖಾಲಿಯಾದಾಗ ಮಾತ್ರ ಪರೀಕ್ಷೆಗೆ ಕರೆಯುವ ಶಾಲೆಗಳೂ ಇವೆ. ಒಂದು ಕಡೆಯ ಅಂಕ ಇನ್ನೊಂದು ಕಡೆ ಸಲ್ಲುತ್ತದೆಂದು ಭಾವಿಸಬೇಡಿ: 11 ಪ್ಲಸ್‌ನಲ್ಲಿಯೇ ಬಕಿಂಗ್‌ಹ್ಯಾಮ್‌ಶೈರ್‌ನ ಅರ್ಹತಾ ಅಂಕ 121 ಆಗಿದ್ದರೆ ಸ್ಲೌನದು 111.

ಅರ್ಜಿಯನ್ನು ಶಾಲೆ ಹೇಳಿದಂತೆ ಕೌನ್ಸಿಲ್‌ಗೋ (ಅಲ್ಲಿನ ಸ್ಥಳೀಯ ಆಡಳಿತ) ನೇರವಾಗಿ ಶಾಲೆಗೋ ಸಲ್ಲಿಸಬೇಕು. ಮಗುವಿನ ಪಾಸ್‌ಪೋರ್ಟ್, ಬಾಡಿಗೆ ಕರಾರು, ಕೌನ್ಸಿಲ್ ತೆರಿಗೆಯ ಬಿಲ್ಲು ಸಿದ್ಧವಿರಲಿ. ಗ್ರಾಮರ್ ಶಾಲೆಯ ಉತ್ತರಕ್ಕಾಗಿ ಮಗುವನ್ನು ಮನೆಯಲ್ಲಿ ಕೂರಿಸಿಕೊಳ್ಳುವುದು ಬೇಡ. ಹತ್ತಿರದ ಸಾಮಾನ್ಯ ಶಾಲೆಗೂ ಜೊತೆಜೊತೆಗೇ ಅರ್ಜಿ ಹಾಕಿ ಸೇರಿಸಿಬಿಡಿ.

ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತಗಳ ಜೊತೆಗೆ ತಾರ್ಕಿಕ ಸಾಮರ್ಥ್ಯದ ಪ್ರಶ್ನೆಗಳೂ ಇರುವುದುಂಟು, ಮತ್ತು ಅದಕ್ಕೆ ಹಲವು ಶಾಲೆಗಳು ಕ್ಯಾಟ್ 4 ಎಂಬ ಸಿದ್ಧ ಪರೀಕ್ಷೆಯನ್ನು ಬಳಸುತ್ತವೆ. ಪದ, ಸಂಖ್ಯೆ, ಆಕೃತಿ, ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸಿ ನೋಡುವ ಕಲ್ಪನೆ ಎಂದು ಅದರಲ್ಲಿ ನಾಲ್ಕು ಭಾಗ. ಕೊನೆಯ ಭಾಗದ ಒಂದು ಬಗೆಯ ಪ್ರಶ್ನೆ ಹೀಗಿರುತ್ತದೆ: ಚೌಕದ ಕಾಗದವೊಂದನ್ನು ಒಂದೆರಡು ಬಾರಿ ಮಡಚಿ ಒಂದು ಮೂಲೆಯಲ್ಲಿ ತೂತು ಹಾಕಿದ ಚಿತ್ರ ಕೊಟ್ಟು, ಬಿಡಿಸಿದಾಗ ತೂತುಗಳು ಎಲ್ಲೆಲ್ಲಿ ಕಾಣುತ್ತವೆ ಎಂದು ಕೇಳಲಾಗುತ್ತದೆ. ಇದನ್ನು ಪುಸ್ತಕಕ್ಕಿಂತ ಮೊದಲು ನಿಜವಾದ ಕಾಗದ ಮಡಚಿ, ಪಂಚಿಂಗ್ ಮಷಿನ್‌ನಿಂದ ತೂತು ಹಾಕಿ, ಬಿಡಿಸುವ ಮುನ್ನ ಊಹಿಸಿ ಕಲಿಯುವುದೇ ವಾಸಿ. ನಮ್ಮ ಮಕ್ಕಳು ಸಾಮಾನ್ಯವಾಗಿ ಲೆಕ್ಕದಲ್ಲಿ ಹಿಂದೆ ಬೀಳುವುದಿಲ್ಲ. ಎಡವುವುದು ಇಂಗ್ಲಿಷ್ ಗದ್ಯಭಾಗದಲ್ಲಿ, ಪಾಠದಲ್ಲಿ ನೇರವಾಗಿ ಬರೆದಿಲ್ಲದ್ದನ್ನು ಊಹಿಸಿ ಉತ್ತರಿಸುವಾಗ ಮತ್ತು ಒಂದು ಸನ್ನಿವೇಶ ಕೊಟ್ಟು ಒಂದು ಪುಟ ಕಥೆ ಬರೆಯಲು ಹೇಳಿದಾಗ. ಕೈಯಲ್ಲಿರುವ ಸಮಯದ ಹೆಚ್ಚಿನ ಪಾಲು ಅಲ್ಲಿಗೆ ಹೋಗಲಿ. ಹಲವು ಶಾಲೆಗಳು ಒಂದು ಶೈಕ್ಷಣಿಕ ವರ್ಷದಲ್ಲಿ ಒಂದೇ ಬಾರಿ ಪರೀಕ್ಷೆಗೆ ಕೂರಿಸುವುದರಿಂದ, "ಒಮ್ಮೆ ಬರೆದು ನೋಡೋಣ" ಎಂಬ ಧೋರಣೆ ಇಲ್ಲಿ ದುಬಾರಿ.

ತೇರ್ಗಡೆಯಾದರೂ ಸೀಟು ಸಿಗದಿರಬಹುದು. ವರ್ಷದ ನಡುವಿನ ಅರ್ಜಿಗೆ 15 ಶಾಲಾ ದಿನಗಳೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ಕಾಯುವ ಪಟ್ಟಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕವಿಲ್ಲ; ಮನೆಯ ದೂರ, ಒಡಹುಟ್ಟಿದವರು ಅಲ್ಲಿಯೇ ಓದುತ್ತಿರುವುದು, ಕೆಲವೆಡೆ ಪಡೆದ ಅಂಕ, ಹೀಗೆ ಶಾಲೆ ಪ್ರಕಟಿಸಿದ ಮಾನದಂಡದಂತೆ ಕ್ರಮ ನಿರ್ಧಾರವಾಗುವುದರಿಂದ, ನಿಮ್ಮ ನಂತರ ಬಂದವರು ಮೇಲೇರಬಹುದು.

ಪ್ರವೇಶ ನಿರಾಕರಿಸಿದರೆ ಸ್ವತಂತ್ರ ಸಮಿತಿಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಪೋಷಕರಿಗಿದೆ. ಅದಕ್ಕೆ ಕನಿಷ್ಠ 20 ಶಾಲಾ ದಿನಗಳ ಕಾಲಾವಕಾಶ ದೊರೆಯುತ್ತದೆ, ವರ್ಷದ ನಡುವಿನ ಪ್ರಕರಣವಾದರೆ ಸಲ್ಲಿಸಿದ 30 ಶಾಲಾ ದಿನಗಳೊಳಗೆ ವಿಚಾರಣೆ ನಡೆಯಬೇಕು. ಅರ್ಹತಾ ಅಂಕ ತಪ್ಪಿದ ಮಗುವಾದರೆ, ಅದರ ನಿಜವಾದ ಮಟ್ಟ ಅಂಕಕ್ಕಿಂತ ಮೇಲಿದೆ ಎಂದು ತೋರಿಸುವ ದಾಖಲೆ ಬೇಕಾಗುತ್ತದೆ. ಆದ್ದರಿಂದ ಕರ್ನಾಟಕ ಬಿಡುವ ಮುನ್ನ ಎರಡು ಮೂರು ವರ್ಷಗಳ ಅಂಕಪಟ್ಟಿಗಳನ್ನೂ, ತರಗತಿಯಲ್ಲಿ ಮಗು ಯಾವ ಸ್ಥಾನದಲ್ಲಿದೆ ಎಂದು ವಿಷಯವಾರು ತಿಳಿಸುವ, ಶಾಲೆಯ ಮೊಹರಿರುವ ಇಂಗ್ಲಿಷ್ ಪತ್ರವೊಂದನ್ನೂ ಮುಖ್ಯೋಪಾಧ್ಯಾಯರಿಂದ ಬರೆಸಿಕೊಂಡು ಹೊರಡುವುದು ಒಳ್ಳೆಯದು; ಅಲ್ಲಿಗೆ ಹೋದ ಮೇಲೆ ತರಿಸಿಕೊಳ್ಳುವುದು ಅಷ್ಟು ಸುಲಭವಲ್ಲ.