ಹದಿಹರೆಯದ ಕಥೆ ತಿದ್ದುವಾಗ ಈ ಸಾಲುಗಳನ್ನು ಹುಡುಕಿ
ಹದಿಹರೆಯದವರಿಗಾಗಿ ಕಾದಂಬರಿ ಬರೆಯುತ್ತಿದ್ದರೆ, ಕರಡಿನಲ್ಲಿ 'ಆಗ ನನಗೆ ಗೊತ್ತಿರಲಿಲ್ಲ', 'ಈಗ ಯೋಚಿಸಿದರೆ', 'ಆ ವಯಸ್ಸೇ ಹಾಗೆ' ಅನ್ನುವ ಮಾತುಗಳನ್ನು ಹುಡುಕಿ ಅಳಿಸಿ. ಅವು ದೊಡ್ಡವರ ಮಾತು. 16ರ ಹುಡುಗಿಗೆ ಗೆಳತಿ ಮಾತಾಡುವುದನ್ನು ಬಿಟ್ಟರೆ ಅದೇ ಪ್ರಪಂಚದ ಕೊನೆ. ಹಿಂತಿರುಗಿ ನೋಡುವಷ್ಟು ದೂರ ಅವಳಿನ್ನೂ ಬಂದಿಲ್ಲ. ಅಳಿಸಿದ ಜಾಗದಲ್ಲಿ ಅವಳು ಆ ಕ್ಷಣ ಏನು ಮಾಡಿದಳು ಅಂತ ಬರೆಯಿರಿ: ಕಳಿಸದ ಮೆಸೇಜನ್ನು ನಾಲ್ಕು ಸಲ ತಿದ್ದಿದಳು, ಅಷ್ಟು ಸಾಕು. ಓದುವ ಮಕ್ಕಳು ಬುದ್ಧಿಮಾತಿನ ವಾಸನೆಯನ್ನು ಬೇಗ ಹಿಡಿಯುತ್ತಾರೆ, ಅಲ್ವಾ? ಆದರೆ ದೊಡ್ಡವಳಾದ ಮೇಲೆ ನೆನಪಿಸಿಕೊಂಡು ಹೇಳುವ ಕಥೆಗೆ ಇದು ಹೊಂದುವುದಿಲ್ಲ. ಅಲ್ಲಿ ಆ ದೂರವೇ ಕಥೆಯ ಜೀವ. ಸಂಭಾಷಣೆಯಲ್ಲಿ ಅಜ್ಜಿಯೋ ಟೀಚರೋ ಹಾಗೆ ಹೇಳಿದ್ದರೆ ಮುಟ್ಟಬೇಡಿ.