ಪುಕ್ಕಟೆ ಸಲಹೆಗೆ ದಲಾಲಿ ಯಾರು ಕೊಡ್ತಾರೆ?

ನಮ್ಮಪ್ಪ ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಮೆಕ್ಕೆಜೋಳದ ಸೀಸನ್ನಿನಲ್ಲಿ ಅವರು ಮನೆಗೆ ಬಂದರೆ ಅಂಗಿ ಕೊಡವಿದಷ್ಟೂ ಧೂಳು. ಬಿ.ಕಾಂ. ಮುಗಿಸಿದ ನಾನು ಜರ್ಮನಿಯಲ್ಲಿ ಮ್ಯಾನೇಜ್‌ಮೆಂಟ್ ಓದ್ತೀನಿ ಅಂದಾಗ ಬೇಡ ಅನ್ನಲಿಲ್ಲ. "ಮೊದಲು ಸರಿಯಾಗಿ ವಿಚಾರಿಸ್ಕೊಂಡು ಬಾ" ಅಂದರು, ಅಷ್ಟೇ.

ವಿಚಾರಿಸಲು ಹೋಗಿದ್ದು ಒಂದು ಕನ್ಸಲ್ಟೆನ್ಸಿಗೆ. ಏಸಿ ರೂಮು, ಗೋಡೆ ತುಂಬಾ ದೇಶದೇಶದ ಬಾವುಟ, ಸಲಹೆ ಪೂರಾ ಪುಕ್ಕಟೆ. ಅರ್ಧ ಗಂಟೆಯಲ್ಲಿ ಬರ್ಲಿನ್ನಿನ ಒಂದು ಖಾಸಗಿ ಕಾಲೇಜಿನ ಬ್ರೋಷರ್ ನನ್ನ ಕೈಯಲ್ಲಿತ್ತು. ಎರಡು ವರ್ಷಕ್ಕೆ ಫೀಸು 24,000 ಯೂರೋ. ಆಗಿನ ರೇಟಿನಲ್ಲಿ 21 ಲಕ್ಷದ ಮೇಲೆ. ಈ ವಾರವೇ ಸೀಟ್ ಹಿಡಿದರೆ ಹತ್ತು ಪರ್ಸೆಂಟ್ ಸ್ಕಾಲರ್‌ಶಿಪ್ ಅಂತೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬ್ರೋಷರ್ ತಿರುವಿ ಹಾಕಿ ಒಂದೇ ಮಾತು ಕೇಳಿದರು: "ಪುಕ್ಕಟೆ ಅಂತಾನಲ್ಲ, ಅವನಿಗೆ ದಲಾಲಿ ಯಾರು ಕೊಡ್ತಾರವ್ವ?"

ಅವರ ಅಂಗಡಿಯಲ್ಲಿ ರೈತನಿಂದ ದಲಾಲಿ ತಗೊಳ್ಳುವ ಹಾಗಿಲ್ಲ, ಖರೀದಿದಾರ ಕೊಡಬೇಕು. ಇಲ್ಲೂ ಅದೇ ಲೆಕ್ಕ. ನನ್ನನ್ನು ಸೇರಿಸಿಕೊಳ್ಳುವ ಕಾಲೇಜು ಕಮಿಷನ್ ಕೊಡುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಜೆಂಟರಿಗೆ ಏನೂ ಕೊಡುವುದಿಲ್ಲ. ಅದಕ್ಕೇ ಅರ್ಧ ಗಂಟೆಯ ಮಾತಿನಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಹೆಸರೂ ಬಂದಿರಲಿಲ್ಲ. ಆ ಬರ್ಲಿನ್ ಕಾಲೇಜು ಮೋಸದ್ದು ಅಂತ ನಾನು ಹೇಳುತ್ತಿಲ್ಲ. ಆದರೆ "ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾರ ಹೆಸರು ಬರುತ್ತೆ?" ಅಂತ ಮಾರನೇ ದಿನ ಫೋನ್ ಮಾಡಿ ಕೇಳಿದೆ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಹೆಸರಂತೆ! ಬರ್ಲಿನ್ನಿನಲ್ಲಿ ಕೂತು ಇಂಗ್ಲೆಂಡಿನ ಡಿಗ್ರಿ. ನಾನು ಕೇಳದೇ ಹೋಗಿದ್ದರೆ ಅವರಾಗಿ ಹೇಳುತ್ತಿರಲಿಲ್ಲ.

ಅವತ್ತಿನಿಂದ ಕನ್ಸಲ್ಟೆನ್ಸಿ ಬಿಟ್ಟು ನಾನೇ ಹುಡುಕಿದೆ. ಜರ್ಮನ್ ಸರ್ಕಾರದ ದುಡ್ಡಿನಲ್ಲಿ ನಡೆಯುವ ಡಾಡ್ ಸಂಸ್ಥೆಯ ಪಟ್ಟಿಯಲ್ಲಿ ಇಂಗ್ಲಿಷ್‌ನಲ್ಲಿ ನಡೆಯುವ ಕೋರ್ಸುಗಳನ್ನು ಫೀಸಿನ ಪ್ರಕಾರ ಸೋಸಬಹುದು. ಅಲ್ಲಿಯ ಕಾಲೇಜಿಗೆ ಸರ್ಕಾರದ ಮಾನ್ಯತೆ ಇದೆಯಾ ಅಂತ ಹೋಖ್‌ಶೂಲ್‌ಕಂಪಾಸ್ ಅನ್ನುವ ವೆಬ್‌ಸೈಟಿನಲ್ಲಿ ನೋಡಬೇಕು. ನಮ್ಮ ವಿಶ್ವವಿದ್ಯಾಲಯವನ್ನು ಅವರು ಒಪ್ಪುತ್ತಾರಾ ಅನ್ನುವುದಕ್ಕೆ ಅನಬಿನ್ ಅನ್ನುವ ಇನ್ನೊಂದು ವೆಬ್‌ಸೈಟು. ಅದರಲ್ಲಿ ಹೆಸರಿನ ಮುಂದೆ ಎಚ್ ಪ್ಲಸ್ ಅಂತ ಇರಬೇಕು.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಎಂಬಿಎ ಬೇರೆ, ಮ್ಯಾನೇಜ್‌ಮೆಂಟ್‌ನಲ್ಲಿ ಎಂ.ಎಸ್ಸಿ. ಬೇರೆ. ಎಂಬಿಎಗೆ ಹೆಚ್ಚಾಗಿ ಕೆಲಸದ ಅನುಭವ ಕೇಳುತ್ತಾರೆ, ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಅದಕ್ಕೆ ದೊಡ್ಡ ಫೀಸೇ. ಡಿಗ್ರಿ ಮುಗಿಸಿ ನೇರ ಹೋಗುವವರಿಗೆ ಎಂ.ಎಸ್ಸಿ. ಇದಕ್ಕೆ ಬಹುತೇಕ ರಾಜ್ಯಗಳಲ್ಲಿ ಫೀಸಿಲ್ಲ, ಸೆಮಿಸ್ಟರಿಗೆ ಒಂದಿಷ್ಟು ಶುಲ್ಕ ಮಾತ್ರ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತಗೊಳ್ಳುತ್ತದೆ. ಬಿಸಿನೆಸ್ ಓದಿಗೆ ಅಲ್ಲಿ ದೊಡ್ಡ ಹೆಸರು ಮ್ಯಾನ್‌ಹೈಮ್. ಅದಿರುವುದು ಇದೇ ರಾಜ್ಯದಲ್ಲಿ. ಅಲ್ಲಿಗೆ ಜಿಮ್ಯಾಟ್ ಅಥವಾ ಜಿಆರ್‌ಇ ಪ್ರವೇಶ ಪರೀಕ್ಷೆಯ ಸ್ಕೋರೂ ಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ, ಆಸೆ ಕೈಬಿಟ್ಟೆ.

ಆಮೇಲೆ ಅಂಕದ ಲೆಕ್ಕ. ನನಗೆ ಬಂದಿದ್ದು 68 ಪರ್ಸೆಂಟ್. ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. ನಮ್ಮ ಅಂಕವನ್ನು ಅದಕ್ಕೆ ತಿರುಗಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ನೂರರಲ್ಲಿ ನಿಮ್ಮ ಅಂಕ ಕಳೆಯಿರಿ, ಮೂರರಿಂದ ಗುಣಿಸಿ. ಬಂದದ್ದನ್ನು, ನೂರರಲ್ಲಿ ಪಾಸ್ ಅಂಕ ಕಳೆದು ಉಳಿದದ್ದರಿಂದ ಭಾಗಿಸಿ. ಕೊನೆಗೆ ಒಂದು ಕೂಡಿಸಿ. ಪಾಸ್ ಅಂಕ 40 ಅಂತ ಹಿಡಿದರೆ ನನ್ನದು 2.6. ಅದೇ 35 ಅಂತ ಹಿಡಿದರೆ 2.48. ನಾನು ಕಣ್ಣಿಟ್ಟಿದ್ದ ಎರಡು ಕಡೆ 2.5ಕ್ಕಿಂತ ಮೇಲೆ ಹೋದರೆ ಅರ್ಜಿಯನ್ನೇ ನೋಡುವುದಿಲ್ಲ! ನಮ್ಮಲ್ಲಿ ಪ್ರತಿ ಪೇಪರಿಗೆ 35, ಒಟ್ಟಿಗೆ 40 ಇತ್ತು. ಯಾವುದನ್ನು ಹಿಡಿಯುತ್ತೀರಿ ಅಂತ ಇಬ್ಬರಿಗೂ ಮೇಲ್ ಹಾಕಿದೆ. ಇಬ್ಬರೂ ಒಂದೇ ಸಾಲಿನ ಉತ್ತರ ಬರೆದರು: 40. ಅಲ್ಲಿಗೆ ಎರಡು ಹೆಸರು ಪಟ್ಟಿಯಿಂದ ಹೋದವು. ಬೇಜಾರಾಯಿತು, ಆದರೆ ಅರ್ಜಿ ದುಡ್ಡು ಉಳಿಯಿತು.

ಅಂಕ ಸಾಕಾದರೂ ವಿಷಯ ಸಾಲದೆ ಬಿದ್ದುಹೋಗಬಹುದು. ಗಣಿತ, ಸ್ಟ್ಯಾಟಿಸ್ಟಿಕ್ಸ್, ಅಕೌಂಟ್ಸ್‌ನಲ್ಲಿ ಇಷ್ಟಿಷ್ಟು ಕ್ರೆಡಿಟ್ ಓದಿರಬೇಕು ಅಂತ ಪ್ರತಿ ಕೋರ್ಸಿನವರೂ ಬರೆದಿರುತ್ತಾರೆ. ನಾನು ಬಿ.ಕಾಂ. ಸಿಲಬಸ್ ಪುಸ್ತಕ ತೆಗೆದು ಯಾವ ಪೇಪರ್ ಯಾವುದಕ್ಕೆ ಹೊಂದುತ್ತದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಮೂರು ಸಂಜೆ ಹಿಡಿಯಿತು. ಆದರೂ ಒಂದು ಕಡೆ ಸ್ಟ್ಯಾಟಿಸ್ಟಿಕ್ಸ್ ಕಮ್ಮಿ ಬಿತ್ತು ಅಂತ ತಿರಸ್ಕಾರ ಬಂತು.

ಒಟ್ಟು ಆರು ಕಡೆ ಅರ್ಜಿ. ನಾಲ್ಕು ಯೂನಿ-ಅಸಿಸ್ಟ್ ಮೂಲಕ (ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ತಗೊಂಡು ಪರಿಶೀಲಿಸುವ ಸಂಸ್ಥೆ), ಮೊದಲನೆಯದಕ್ಕೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30. ಉಳಿದೆರಡಕ್ಕೆ ಖರ್ಚಿಲ್ಲ. ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟು ನಮ್ಮವರಿಗೆ 2022ರ ನವೆಂಬರ್‌ನಿಂದ ಕಡ್ಡಾಯ, 18,000 ರೂಪಾಯಿ. ಎಲ್ಲಕ್ಕಿಂತ ಮೊದಲು ಅದನ್ನೇ ಮಾಡಿಸಿ. ಎರಡು ಕಡೆ ಸೀಟು ಸಿಕ್ಕಿತು. ಮನೆ ಬಾಡಿಗೆ ಕಮ್ಮಿ ಅಂತ ಸ್ಯಾಕ್ಸನಿ-ಅನ್ಹಾಲ್ಟ್ ರಾಜ್ಯದ್ದನ್ನು ಆರಿಸಿಕೊಂಡೆ. ಮ್ಯೂನಿಕ್‌ನಂಥ ಊರಿನಲ್ಲಿ ಬಾಡಿಗೆ ಕಟ್ಟಿ ಫೀಸಿಲ್ಲ ಅಂತ ಖುಷಿಪಡುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಫೀಸಿಲ್ಲ ಅಂದ ಮಾತ್ರಕ್ಕೆ ದುಡ್ಡು ಬೇಡ ಅಂತಲ್ಲ. ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ನಾನು ಹೋದ 2023ರಲ್ಲಿ ಅದು 11,208 ಯೂರೋ, ಹತ್ತತ್ತಿರ ಹತ್ತು ಲಕ್ಷ. ನಮ್ಮದೇ ದುಡ್ಡು, ತಿಂಗಳಿಗೆ 934ರಂತೆ ವಾಪಸ್ ಕೊಡುತ್ತಾರೆ. ಆದರೆ ಮೊದಲು ಅಷ್ಟೂ ಒಟ್ಟಿಗೆ ಬೇಕಲ್ಲ. ಬ್ಯಾಂಕಿನಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಇಡಿ ಅಂದರು. ಹರಿಹರದ ಹತ್ತಿರ ನಮ್ಮದು ಒಂದೂವರೆ ಎಕರೆ ಗದ್ದೆ ಇದೆ. ಭದ್ರಾ ನಾಲೆ ನೀರು, ವರ್ಷಕ್ಕೆರಡು ಬೆಳೆ. ಪಹಣಿ ತಗೊಂಡು ಅಪ್ಪ ಜಂಬದಿಂದ ಹೋದರು. ಮ್ಯಾನೇಜರ್ ನೋಡಲೂ ಇಲ್ಲ. "ಹೊಲ-ಗದ್ದೆ ನಡೆಯಲ್ಲ ಯಜಮಾನ್ರೇ, ಸೈಟು ಇಲ್ಲ ಮನೆ ಇದ್ರೆ ತನ್ನಿ." ಮನೆ ಬಾಡಿಗೆಯದು. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡದೆ ಅಪ್ಪ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು. ಕೊನೆಗೆ ಏಳೂವರೆ ಲಕ್ಷ ಸಾಲ, ಎರಡು ಲಕ್ಷ ಚೀಟಿ ಎತ್ತಿದ್ದು, ಉಳಿದದ್ದಕ್ಕೆ ಅಮ್ಮನ ಬಳೆ ಗಿರವಿ. ವಿಮಾನ, ವೀಸಾ, ಎಪಿಎಸ್ ಎಲ್ಲಾ ಸೇರಿ ಹನ್ನೊಂದು ಮುಕ್ಕಾಲು ಲಕ್ಷಕ್ಕೆ ಮುಗಿಯಿತು.

ನಾನು ಎಡವಿದ್ದು ಭಾಷೆಯಲ್ಲಿ. ಕೋರ್ಸು ಇಂಗ್ಲಿಷ್‌ನಲ್ಲಿ ಅಂತ ಜರ್ಮನ್ ಕಲಿಯುವುದನ್ನು ಮುಂದಕ್ಕೆ ಹಾಕಿದೆ. ಇಂಟರ್ನ್‌ಶಿಪ್ ಹುಡುಕುವಾಗ ಹತ್ತರಲ್ಲಿ ಎಂಟು ಕಡೆ ಜರ್ಮನ್ ಬರುತ್ತಾ ಅಂತ ಕೇಳಿದರು. ಮೊದಲ ವರ್ಷ ಪೂರ್ತಿ ಬೇಕರಿಯ ಹಿಂದಿನ ಕೋಣೆಯಲ್ಲಿ ಟ್ರೇ ತೊಳೆದೆ. ನನ್ನ ಜರ್ಮನ್ ಸುಧಾರಿಸಿದ್ದೂ ಅಲ್ಲೇ ಅನ್ನಿ.

ಲೆಕ್ಕ ಎಲ್ಲಾ 2023ರದು, ನೆನಪಿರಲಿ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಆಯಿತು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಕೂಡ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊರಗಿನವರಿಗೆ ಫೀಸು ಹಾಕಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ. ಅರ್ಜಿ ಹಾಕುವ ವಾರ ಇನ್ನೊಂದು ಸಲ ಅವರವರ ಪುಟದಲ್ಲೇ ನೋಡಿಕೊಳ್ಳಿ.