ಆರು ತಿಂಗಳಿಗೊಂದು ಅಧ್ಯಾಯ: ಪಾರ್ಟ್‌ಟೈಮ್ ಪಿಎಚ್‌.ಡಿ. ಮುಗಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ಅತಿಥಿ ಉಪನ್ಯಾಸಕನಾಗಿದ್ದುಕೊಂಡು, ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ (ಮಿತಿಮೀರಿದರೆ ಹಲ್ಲು, ಮೂಳೆ ಕೆಡಿಸುವ ಅಂಶ) ಮೇಲೆ ಪಿಎಚ್‌.ಡಿ. ಮಾಡುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಗೆ ಎದ್ದಿತು. ‘ಅದರಲ್ಲಿ ಇನ್ನೇನು ಉಳಿದಿದೆ ಸಾರ್?’ ಎಂದರು ಒಬ್ಬರು. ಪಾರ್ಟ್‌ಟೈಮ್ ಎಂದರೆ ಆರು ವರ್ಷವೂ ಸಾಲದು ಎಂದು ಇನ್ನೊಬ್ಬರು ಭವಿಷ್ಯ ನುಡಿದರು. ಐದನೇ ವರ್ಷ ಮುಗಿಯುವ ಮೊದಲೇ ನನ್ನ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಆಯಿತು. ಭವಿಷ್ಯ ನುಡಿದವರು ಇನ್ನೂ ತಮ್ಮ ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ತಿದ್ದುತ್ತಿದ್ದಾರೆ.

ನಾನು ಮಾಡಿದ್ದು ಇಷ್ಟೇ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಒಪ್ಪಿಸಲೇಬೇಕಲ್ಲವೇ? ಎಲ್ಲರೂ ಹಿಂದಿನ ರಾತ್ರಿ ಹತ್ತು ಸ್ಲೈಡ್ ಜೋಡಿಸಿಕೊಂಡು ಹೋಗುತ್ತಾರೆ. ನಾನು ಪ್ರತಿ ಸಲವೂ ಒಂದು ಅಧ್ಯಾಯವನ್ನೇ, ಕೋಷ್ಟಕ, ನಕಾಶೆ, ಆಕರಗಳ ಸಮೇತ, ಸ್ಪೈರಲ್ ಬೈಂಡ್ ಮಾಡಿಸಿ ಇಟ್ಟೆ. ಕೋರ್ಸ್‌ವರ್ಕ್ ಮುಗಿದ ಕೂಡಲೇ ಅಧ್ಯಯನ ಪ್ರದೇಶ, ಆಮೇಲೆ ವಿಧಾನ, ಆಮೇಲೆ ಒಂದೊಂದು ಋತುವಿನ ಫಲಿತಾಂಶ. ಪ್ರಸ್ತಾವನೆ ಬರೆದದ್ದು ಎಲ್ಲಕ್ಕಿಂತ ಕೊನೆಗೆ. ‘ಇಷ್ಟನ್ನು ಯಾರು ಓದುತ್ತಾರೆ?’ ಎಂದು ನನ್ನ ಗೈಡೇ ಮೊದಲು ಗೊಣಗಿದ್ದರು. ಆದರೆ ಸದಸ್ಯರು ಅಂಚಿನಲ್ಲಿ ಟಿಪ್ಪಣಿ ಬರೆದು ಸಹಿ ಹಾಕಿದ ಪ್ರತಿಗಳನ್ನು ನಾನು ಕಾಪಾಡಿಕೊಂಡಿದ್ದೆ. ಪ್ರೀ-ಸಬ್‌ಮಿಶನ್ (ಮಹಾಪ್ರಬಂಧ ಸಲ್ಲಿಸುವ ಮುಂಚಿನ ಮಂಡನೆ) ದಿನ ಹೊಸ ತಕರಾರು ಬಂದಾಗ ಆ ಪ್ರತಿಗಳನ್ನೇ ಮೇಜಿನ ಮೇಲಿಟ್ಟೆ. ಮಾತು ಅಲ್ಲಿಗೇ ಮುಗಿಯಿತು.

ಕಷ್ಟವಿದ್ದದ್ದು ಬರೆಯುವುದರಲ್ಲಲ್ಲ, ನೀರಿನಲ್ಲಿ. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಯ ಅರವತ್ತು ಚಿಲ್ಲರೆ ಬಾವಿಗಳನ್ನು ಮೇ ಮತ್ತು ನವೆಂಬರ್‌ಗೆ ಗೊತ್ತುಮಾಡಿದ್ದೆ. ಹೊಲದ ಪಂಪು ಓಡಲು ತ್ರೀಫೇಸ್ ವಿದ್ಯುತ್ ಬೇಕು. ಅದು ಬರುವುದು ಪಾಳಿಯ ಪ್ರಕಾರ, ಕೆಲವೆಡೆ ನಡುರಾತ್ರಿ. ನವೆಂಬರ್‌ನಲ್ಲಿ ಶೇಂಗಾ ಸುಗ್ಗಿ, ಮಾತನಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಮುಂದಿನ ಮೇ ಹೊತ್ತಿಗೆ ಹನ್ನೆರಡೋ ಹದಿನೈದೋ ಬಾವಿ ಬತ್ತಿಯೇ ಹೋಗಿದ್ದವು. ಋತುಗಳ ಹೋಲಿಕೆಗೆ ಜೋಡಿಯೇ ಇಲ್ಲ. ಆಗ ಹೊಲ ಬಿಟ್ಟು ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಬಾವಿಗಳಿಗೆ ತಿರುಗಿದೆ. ನೀರುಗಂಟಿಯ ಸ್ನೇಹವೊಂದಿದ್ದರೆ ಸಾಕು: ಯಾವ ಬಾವಿ ಎಷ್ಟು ಅಡಿ, ಯಾವುದು ಯಾವಾಗ ಕೈಕೊಡುತ್ತದೆ, ಎಲ್ಲವೂ ಅವರ ಬಾಯಲ್ಲೇ ಇರುತ್ತದೆ.

ಹಣದ ಮಾತು. ಫೆಲೋಶಿಪ್ ಇಲ್ಲ. ಹೊರಗಿನ ಪ್ರಯೋಗಾಲಯಕ್ಕೆ ಎಲ್ಲ ಮಾದರಿಗಳನ್ನೂ ಕೊಟ್ಟಿದ್ದರೆ ಲಕ್ಷ ದಾಟುತ್ತಿತ್ತು. ನೀರಿನ ಫ್ಲೋರೈಡ್ ಅಳೆಯುವ ಹಳೆಯ ಅಯಾನ್ ಮೀಟರ್ ಒಂದನ್ನು ಇಪ್ಪತ್ತೈದು ಸಾವಿರದ ಆಸುಪಾಸಿಗೆ ಕೊಂಡೆ. ಫ್ಲೋರೈಡ್ ಹತ್ತು ಪಟ್ಟು ಬದಲಾದಾಗ ಮೀಟರ್ ತೋರಿಸುವ ವೋಲ್ಟೇಜ್ ವ್ಯತ್ಯಾಸವೇ ಸ್ಲೋಪ್; ಅದು 59 ಮಿಲಿವೋಲ್ಟ್ ಆಸುಪಾಸು ಇರಬೇಕು. ಬೇಸಿಗೆಯ ಮಧ್ಯಾಹ್ನ ನಮ್ಮ ಲ್ಯಾಬಿನಲ್ಲಿ ಅದು 50ಕ್ಕೂ ಇಳಿದು ಅಲೆದಾಡುತ್ತಿತ್ತು. ನೀರಿನ ಮಾದರಿ, ಸ್ಟ್ಯಾಂಡರ್ಡ್ (ಫ್ಲೋರೈಡ್ ಪ್ರಮಾಣ ಗೊತ್ತಿರುವ ದ್ರಾವಣ) ಎರಡನ್ನೂ ಒಂದೇ ಉಷ್ಣತೆಗೆ ಬರಲೆಂದು ರಾತ್ರಿಯಿಡೀ ಒಂದೇ ಟಬ್ಬಿನಲ್ಲಿಟ್ಟು ಬೆಳಗಿನ ಆರಕ್ಕೆ ಮೀಟರ್ ಓದತೊಡಗಿದ ಮೇಲೆ 57–58ಕ್ಕೆ ನಿಂತಿತು. ಸತ್ತಂತಿದ್ದ ಎಲೆಕ್ಟ್ರೋಡಿಗೆ (ನೀರಿನಲ್ಲಿ ಅದ್ದುವ ಮೀಟರಿನ ಕಡ್ಡಿ) ಜೀವ ಬರಿಸಿದ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹತ್ತರಲ್ಲೊಂದು ಮಾದರಿಯನ್ನು ಮಾತ್ರ ಹೋಲಿಕೆಗೆಂದು ಅಯಾನ್ ಕ್ರೊಮೆಟೊಗ್ರಫಿಗೆ (ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ಇನ್ನೊಂದು ವಿಧಾನ) ಕಳುಹಿಸಿದೆ. ಎರಡೂ ಓದು ಬಹುತೇಕ ತಾಳೆಯಾದವು. ‘ಗುಜರಿ ಮೀಟರ್’ ಎಂದವರಿಗೆ ಆ ಕೋಷ್ಟಕವೇ ನನ್ನ ಉತ್ತರ.

ನಡುವೆ ಒಂದು ಹುಚ್ಚೂ ಹಿಡಿಯಿತು. ಇಟ್ಟಿಗೆ ಚೂರು ತುಂಬಿದ ಬಕೆಟ್ಟಿನಲ್ಲಿ ಫ್ಲೋರೈಡ್ ಇಳಿಸುವ ಪ್ರಯೋಗ. ಲೀಟರಿಗೆ 3 ಮಿಲಿಗ್ರಾಂ ಹತ್ತಿರವಿದ್ದ ನೀರು ಮೊದಲ ಕೆಲವು ಬಕೆಟ್‌ಗಳವರೆಗೆ ಕುಡಿಯುವ ನೀರಿಗಿರುವ 1.5ರ ಮಿತಿಯ ಆಸುಪಾಸಿಗೆ ಬಂತು, ಆಮೇಲೆ ಇಟ್ಟಿಗೆ ಕೈಚೆಲ್ಲಿತು. ಇಟ್ಟಿಗೆ ಸುಟ್ಟ ಭಟ್ಟಿ ಬದಲಾದರೆ ಫಲಿತಾಂಶವೂ ಬದಲು. ಮಹಾಪ್ರಬಂಧದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆದರೆ ನನ್ನದು 2016ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ನೋಂದಣಿ: ಒಂದು ಪ್ರಕಟಿತ ಲೇಖನ, ಎರಡು ಸಮ್ಮೇಳನ ಪ್ರಬಂಧ ಕಡ್ಡಾಯ. ಇಟ್ಟಿಗೆಯೇ ಎರಡನೇ ಪ್ರಬಂಧವಾಯಿತು.

ಲೇಖನ ಎರಡು ಕಡೆ ತಿರಸ್ಕೃತವಾಯಿತು. ಇನ್ನೊಂದು ಪತ್ರಿಕೆ ಹದಿನೈದು ಸಾವಿರ ಕೇಳಿ ವಾರದಲ್ಲೇ ಪ್ರಕಟಿಸುತ್ತೇವೆ ಎಂದಿತು. ಅಂಥ ಕಡೆಗೆ ತಲೆಹಾಕಬೇಡಿ. ನಾಲ್ಕನೆಯದು ವರ್ಷ ಹತ್ತಿರ ಕಾಯಿಸಿ ಪುಕ್ಕಟೆ ಪ್ರಕಟಿಸಿತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮ ಪ್ರಕಟಣೆಯ ಕಡ್ಡಾಯವನ್ನು ತೆಗೆದಿದೆ ಎಂದು ಕಿರಿಯರು ಹಿಗ್ಗುತ್ತಾರೆ. ಅದಕ್ಕೂ ಮುಂಚೆ ನೋಂದಾಯಿಸಿದವರಿಗೆ ಹಳೆಯ ನಿಯಮವೇ. ಹೊಸಬರು ಪಾರ್ಟ್‌ಟೈಮ್ ಆದರೆ ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರವನ್ನು ಮೊದಲೇ ಪಡೆದುಕೊಳ್ಳಲಿ.

ಕೃತಿಚೌರ್ಯ ತಪಾಸಣೆಯಲ್ಲಿ ಮೊದಲು ಹೋಲಿಕೆ ಶೇ. ಇಪ್ಪತ್ತರ ಮೇಲೆ ಬಂದು ಎದೆ ಧಸಕ್ಕೆಂದಿತು. ನೋಡಿದರೆ ಆಕರಪಟ್ಟಿಯನ್ನೂ ಸೇರಿಸಿ ಓಡಿಸಿದ್ದರು. ಅದನ್ನು ಹೊರಗಿಟ್ಟು, ವಿಧಾನದ ಅಧ್ಯಾಯವನ್ನು ನನ್ನ ಮಾತಿನಲ್ಲೇ ಮತ್ತೆ ಬರೆದಾಗ ಶೇ. 10ರ ಒಳಗೆ ಇಳಿಯಿತು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಅರ್ಧ ಹೊತ್ತು ಕೇಳಿದ್ದು ಮೀಟರಿನ ಬಗ್ಗೆಯೇ. ಈಗ ಆ ಮೀಟರ್ ಜಗಳೂರು ಕಡೆಯ ನೀರಿನ ಮೇಲೆ ಕೆಲಸ ಮಾಡುತ್ತಿರುವ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಬಳಿ ಇದೆ. ಬಾಡಿಗೆ ಕೇಳಿಲ್ಲ, ಅಳೆಯುವ ಮುನ್ನ ಮಾದರಿಗೆ ಬೆರೆಸುವ ಬಫರ್ ದ್ರಾವಣದ ಖರ್ಚು ಮಾತ್ರ ಅವರದು.